ದಿನಕ್ಕೊಂದು ಹಾಳೆ

ಏಪ್ರಿಲ್ 14

ಇವತ್ತು ಜಯಂತಿ ಕಾರ್ಯಕ್ರಮದಲ್ಲಿ ಅಪ್ಪ ನಲವತ್ತು ನಿಮಿಷ ಭಾಷಣ ಮಾಡಿದ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನ ದನಿ ಅದು. ನಡುವೆ ಮೈಕು ಕೆಟ್ಟಿತು, ಯಾರಿಗೂ ಗೊತ್ತೇ ಆಗಲಿಲ್ಲ. ಅವನು ಕೆಳಗಿಳಿದ ಮೇಲೆ ಸಂಘದ ಶಂಕ್ರಪ್ಪ ಮಾಮಾ ನನ್ನ ಹೆಗಲ ಮೇಲೆ ಕೈಯಿಟ್ಟು, "ಯಮನಪ್ಪಣ್ಣಾ, ನಿನ್ನ ಮಗಾ ಎಮ್ಮೆಸ್ಸಿ ಮಾಡ್ಯಾನ. ಹುಡುಗೂರಿಗೆ ಅಂವನೂ ನಾಕ ಮಾತ ಹೇಳಲಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ: "ಇಲ್ಲಪಾ, ಪ್ರಬುದ್ಧಗ ಅಂಗಡ್ಯಾಗ ಕೆಲಸ ಐತಿ. ಹೊಂಟಾನ."

ಅಂಗಡಿಗೆ ಇವತ್ತು ರಜೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮನೆಗೆ ಬಂದು ಈ ಹಳೆಯ ನೋಟ್‌ಬುಕ್ ತೆಗೆದೆ. ಬರೆಯುವಾಗ ನಾನು ಉಗ್ಗುವುದಿಲ್ಲ. ಇಲ್ಲಿ ನನ್ನ ವಾಕ್ಯವನ್ನು ನನಗಿಂತ ಮೊದಲು ಯಾರೂ ಮುಗಿಸುವುದಿಲ್ಲ. ಅಪ್ಪ ಪ್ರೀತಿಯಿಂದಲೇ ಮುಗಿಸುತ್ತಾನೆ, ಗೊತ್ತು. ಫೋನ್ ಬಂದರೆ ನನ್ನ ಕೈಯಿಂದ ತೆಗೆದುಕೊಂಡು "ಹಾಂ, ಹೇಳ್ರಿ, ನಾ ಅವನ ಅಪ್ಪ" ಎನ್ನುತ್ತಾನೆ. ನನಗೆ ಈಗ ಮೂವತ್ತೊಂದು.

ಹೋದ ವರ್ಷ ಇಳಕಲ್ಲಿನ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿ ಗಣಿತ ಕಲಿಸಿದೆ. ಹಾಜರಿ ಕೂಗುವಾಗ ಹಿಂದಿನ ಬೆಂಚಿನವರು ನನ್ನಂತೆಯೇ "ಪ-ಪ-ಪ್ರೆಸೆಂಟ್ ಸರ್" ಎನ್ನುತ್ತಿದ್ದರು. ಈ ವರ್ಷ ನನ್ನನ್ನು ಕರೆಯಲಿಲ್ಲ. ಕಾರಣ ಕೇಳಬಹುದಿತ್ತು. ಕೇಳಲು ಮಾತಾಡಬೇಕಲ್ಲ.

ಈಗ ಹುನಗುಂದದ ಬಸ್ ನಿಲ್ದಾಣದ ಎದುರು ಫಾರೂಕನ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋದವರಿಗಾಗಿ ಯೂಟ್ಯೂಬಿನಲ್ಲಿ ಪಾಠ ಮಾಡಬೇಕೆಂದು ಒಂದು ವರ್ಷದಿಂದ ವಿಡಿಯೋ ಮಾಡುತ್ತಿದ್ದೇನೆ. ಅರವತ್ಮೂರು ಆಗಿವೆ. ಒಂದನ್ನೂ ಹಾಕಿಲ್ಲ. ಎಲ್ಲದರಲ್ಲೂ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೇನೆ. ಮಾತಿನಲ್ಲಿ "ಬಾ" ಎನ್ನಲಾಗದಿದ್ದರೆ ಕೈಬೀಸಿ ಕರೆಯಬಹುದು. ಗಣಿತದಲ್ಲಿ ಬಹುಪದೋಕ್ತಿಗೆ ಬಹುಪದೋಕ್ತಿಯೆಂದೇ ಹೇಳಬೇಕು.

ಏಪ್ರಿಲ್ 16

ಗಿರಾಕಿಯೊಬ್ಬ ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನನ್ನ ಫೋನಿನಲ್ಲಿ ತೆರೆಯಲಿಲ್ಲ, ಜಾಗವಿಲ್ಲ ಎಂದಿತು. ಫಾರೂಕ ಫೋನು ಕಸಿದುಕೊಂಡ. ಅವನು ನನಗಿಂತ ಐದು ವರ್ಷ ದೊಡ್ಡವನು, ಒಂದೇ ಶಾಲೆಯಲ್ಲಿ ಓದಿದವರು ನಾವು.

"ಏನ್ ತುಂಬಿಯೋ ಇದರಾಗ?" ಎಂದು ಗ್ಯಾಲರಿ ತೆಗೆದ. ಸಾಲಾಗಿ ನನ್ನದೇ ಮುಖ. "ಇವೇನ್ಲೇ ಮಾಸ್ತರ, ಎಲ್ಲಾದ್ರಾಗೂ ನೀನ ಅದಿ?"

"ಪಾ-ಪಾಠ. ಹಾಕೂವಷ್ಟು ಚಲೋ ಬಂದಿಲ್ಲ."

"ಒಂದೂ?"

"ಒಂದೂ."

ಅವನು ಮೇಜಿನ ಮೇಲಿದ್ದ ಒಂದು ಪ್ರತಿಯನ್ನು ಎತ್ತಿ ಹಿಡಿದ. "ಇದನ್ನ ನೋಡು. ಮುಂಜಾನೆ ಒಬ್ಬ ಅಜ್ಜಗ ತಗದ ಹೊಲದ ಉತಾರ. ಸ್ವಲ್ಪ ಸೊಟ್ಟ ಬಂದೈತಿ. ಅಜ್ಜ ಬರ್ತಾನ, ಒಯ್ದು ಆಫೀಸಿನ್ಯಾಗ ಕೊಡ್ತಾನ, ಅವನ ಕೆಲಸ ಆಕ್ಕೈತಿ. ನೀ ಅರವತ್ಮೂರು ಝೆರಾಕ್ಸ್ ತಗದು ಒಂದನ್ನೂ ಗಿರಾಕಿ ಕೈಯಾಗ ಕೊಟ್ಟಿಲ್ಲ. ಇದಕ್ಕ ಏನಂತಾರ?"

ಅಂಗಡಿ ಮುಚ್ಚುವಾಗ ಒಂದು ಬದಿ ಕೆಟ್ಟ ಹಾಳೆಗಳ ರಾಶಿಯಿಂದ ನಲವತ್ತು ಎಣಿಸಿ ತಂದೆ. ಗಣಿತದ ಪರೀಕ್ಷೆ-2 ಮೇ 28ಕ್ಕಿದೆ. ನಾಳೆಯಿಂದ ದಿನಕ್ಕೊಂದು ಹಾಳೆ, ಅದರ ಮೇಲೆ ಒಂದೇ ಲೆಕ್ಕ. ಹಾಳೆ ತುಂಬಿದರೆ ಪಾಠ ಮುಗಿದಂತೆ. ಮುಖ ಬೇಡ, ಬರೆಯುವ ಕೈ ಕಂಡರೆ ಸಾಕು. ಒಂದೇ ಸಲ ರೆಕಾರ್ಡು, ಹೇಗೆ ಬಂದರೂ ಅದೇ. ಒಂಬತ್ತಕ್ಕೆ ಅಂಗಡಿ ತೆಗೆಯುವ ಮೊದಲು ಹಾಕಿರಬೇಕು. ಹಾಕಿದ ಮೇಲೆ ಮತ್ತೆ ಕೇಳಿಸಿಕೊಂಡು ಅಳಿಸುವಂತಿಲ್ಲ.

ಹೀಗೆ ಬರೆದಿಟ್ಟ ಮೇಲೆ ಹಾಳೆಗಳನ್ನು ಇನ್ನೊಮ್ಮೆ ಎಣಿಸಿದೆ.

ಏಪ್ರಿಲ್ 17

ಹಾಕಿದೆ. ಎರಡು ಡಬ್ಬಿಗಳ ಮೇಲೆ ಫೂಟುಪಟ್ಟಿ, ಅದಕ್ಕೆ ರಬ್ಬರಿನಿಂದ ಕಟ್ಟಿದ ಫೋನು, ಕೆಳಗೆ ಹಾಳೆ. ಐದು ನಿಮಿಷ ನಲವತ್ತು ಸೆಕೆಂಡು. ಹದಿನಾಲ್ಕು ಸಲ ಸಿಕ್ಕಿಕೊಂಡೆ. "ಮಧ್ಯಾಂಕ" ಎನ್ನಲು ಹನ್ನೊಂದು ಸೆಕೆಂಡು ಹಿಡಿಯಿತು. ಚಾನೆಲ್ಲಿಗೆ ನನ್ನ ಹೆಸರಿಡಲಿಲ್ಲ, ಹೇಳಲು ಬರುವುದಿಲ್ಲವೆಂದು. "ಒಂದು ಹಾಳೆ" ಎಂದಿಟ್ಟೆ.

ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಹೊರಗೆ ನೀರಿನ ಗಾಡಿ ಬಂದು ಹೋಯಿತು.

ಏಪ್ರಿಲ್ 18

ಹನ್ನೊಂದು ಸಲ ಸಿಕ್ಕಿಕೊಂಡೆ. ನಿನ್ನೆಯದನ್ನು ನೋಡಿದ್ದು ಆರು ಸಲ. ಅದರಲ್ಲಿ ಎರಡು ಸಲ ನಾನೇ.

ಏಪ್ರಿಲ್ 21

ಇವತ್ತು ನಿಯಮ ಮುರಿಯುವವನಿದ್ದೆ. ವರ್ಗ ಸಮೀಕರಣ ಬಿಡಿಸುತ್ತಿದ್ದೆ. b ಬೆಲೆ ಮೈನಸ್ ಏಳು, ಆದ್ದರಿಂದ ಮೈನಸ್ b ಅಂದರೆ ಪ್ಲಸ್ ಏಳು. ನಾನು ಮಾತಿನ ಕಡೆಯೇ ಗಮನ ಕೊಟ್ಟು ಮೈನಸ್ ಏಳೆಂದು ಬರೆದುಬಿಟ್ಟೆ. ಮೂರು ಸಾಲು ಮುಂದೆ ಹೋದ ಮೇಲೆ ಗೊತ್ತಾಯಿತು. ಹೊಸ ಹಾಳೆ ತೆಗೆಯುವಂತಿಲ್ಲ, ಮತ್ತೆ ರೆಕಾರ್ಡು ಮಾಡುವಂತಿಲ್ಲ. ಕೊನೆಗೆ "ಇಲ್ಲಿ ತಪ್ಪಿದೆ, ನೋಡ್ರಿ" ಎಂದು ಗೆರೆ ಹೊಡೆದು, ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಸರಿಮಾಡಿದೆ.

ಮಧ್ಯಾಹ್ನ ಮೊದಲ ಕಮೆಂಟು ಬಂತು. "ತಪ್ಪ ಮಾಡಿದ್ದು ಭಾಳ ಚಲೋ ಆತ್ರಿ ಸರ. ನಾನೂ ಪ್ರತಿ ಸಲಾ ಅಲ್ಲೇ ತಪ್ಪತಿದ್ದೆ." ಹೆಸರಿಲ್ಲ. ಚಿತ್ರದಲ್ಲಿ ಒಂದು ಕ್ರಿಕೆಟ್ ಬ್ಯಾಟು.

ಸಿಕ್ಕಿಕೊಂಡದ್ದು ಒಂಬತ್ತು ಸಲ.

ಏಪ್ರಿಲ್ 25

ಬ್ಯಾಟಿನ ಮಾಲೀಕರು ಯಾರೆಂದು ಗೊತ್ತಾಯಿತು.

ಹನ್ನೆರಡರ ಬಿಸಿಲಿನಲ್ಲಿ ಎದುರಿನ ಖಾನಾವಳಿಯಿಂದ ಒಬ್ಬ ಹೆಂಗಸು ರಸ್ತೆ ದಾಟಿ ಬಂದರು. ಮೊಣಕೈವರೆಗೂ ಜೋಳದ ಹಿಟ್ಟು. ಪರೀಕ್ಷೆ-2ರ ಅರ್ಜಿ ತುಂಬಬೇಕೆಂದರು. ನಾನು "ಬ-ಬ-ಬರ್ರಿ" ಎಂದೆನಷ್ಟೆ. ಅವರು ಕಣ್ಣರಳಿಸಿ, "ನೀವ ಏನ್ರಿ ಒಂದ ಹಾಳಿ ಸರ?" ಎಂದು ಕೇಳಿದರು.

ಮುಖ ತೋರಿಸಲಿಲ್ಲ, ಹೆಸರಿಡಲಿಲ್ಲ. ಆದರೂ ಗುರುತು ಸಿಕ್ಕಿತು, ಈ ಉಗ್ಗಿನಿಂದಲೇ. ತಲೆ ತಗ್ಗಿಸಿ ಅರ್ಜಿ ತುಂಬತೊಡಗಿದೆ. ಸುಂದರವ್ವ, ವಯಸ್ಸು ಮೂವತ್ತೈದು. ಎರಡು ವರ್ಷದ ಹಿಂದೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಉಳಿದೆಲ್ಲ ವಿಷಯ ಪಾಸು. ಗಣಿತ ನಾಲ್ಕು ಸಲ ಹೋಗಿದೆ. ಅವರ ವಾರ್ಡಿನಲ್ಲಿ ಅಂಗನವಾಡಿ ಸಹಾಯಕಿ ಹುದ್ದೆ ಖಾಲಿ ಇದೆ, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು.

"ಮಗನ ಫೋನ್ ಹಂಚಿನ ಮುಂದ ಇಟ್ಟು ನೋಡತೇನ್ರಿ," ಎಂದರು. "ಬ್ಯಾರೇದವ್ರು ಓಡತಾರ. ನನ್ನ ಎರಡೂ ಕೈ ಹಿಟ್ಟಾಗಿರ್ತಾವ, ಹಿಂದ ಸರಿಸಿ ನೋಡಾಕ ಬರೂದಿಲ್ಲ. ನೀವು ನಡನಡಕ ನಿಲ್ಲತೀರಿ. ಅಷ್ಟರಾಗ ನಾ ಒಂದು ರೊಟ್ಟಿ ತಿರುವಿ ಹಾಕಿ, ಮುಂದ ಏನ್ ಬರತೈತಿ ಅಂತ ವಿಚಾರ ಮಾಡತೇನಿ. ಒಮ್ಮೊಮ್ಮಿ ನಿಮಗಿಂತ ಮೊದಲ ನನಗ ಉತ್ತರ ಸಿಗತೈತಿ."

ಇಪ್ಪತ್ತೈದು ವರ್ಷದಿಂದ ನಾನು ಮುಚ್ಚಿಡುತ್ತಿರುವುದನ್ನು ಅವರು ರೊಟ್ಟಿ ತಿರುವುವ ಹೊತ್ತು ಎನ್ನುತ್ತಿದ್ದಾರೆ. ಮೊದಲು ಸಿಟ್ಟು ಬಂತು. ಸಂಜೆಯಾದರೂ ಸಿಟ್ಟು ಇದ್ದಂತಿತ್ತು. ಊಟ ಮಾಡುವಾಗ ಹುಡುಕಿದೆ, ಇರಲಿಲ್ಲ.

ಏಪ್ರಿಲ್ 29

ಸಮಾಂತರ ಶ್ರೇಢಿಗೆ ಪುಸ್ತಕದ ಲೆಕ್ಕ ಬಿಟ್ಟು ರೊಟ್ಟಿಯ ಲೆಕ್ಕ ಮಾಡಿದೆ. ಮೊದಲ ದಿನ ಐವತ್ತು ರೊಟ್ಟಿ, ದಿನಕ್ಕೆ ಐದರಂತೆ ಹೆಚ್ಚಿಸುತ್ತ ಇಪ್ಪತ್ತು ದಿನ ಬಡಿದರೆ ಒಟ್ಟು ಎಷ್ಟು? ಸಾವಿರದ ಒಂಬೈನೂರ ಐವತ್ತು. ಮಧ್ಯಾಹ್ನ ಸುಂದರವ್ವ ಅಂಗಡಿಯ ಬಾಗಿಲಲ್ಲಿ ನಿಂತು, "ಅಷ್ಟಕ್ಕ ಇಪ್ಪತ್ತ ದಿನಾ ಯಾಕ್ರಿ? ದಿನಕ್ಕ ನೂರಾ ಐವತ್ತ ಬಡಿಯಾಕಿ ನಾ. ಹದಿಮೂರ ದಿನಕ್ಕ ಮುಗಸತೇನಿ" ಎಂದರು.

ಅವರು ಹೋದ ಮೇಲೆ ಭಾಗಿಸಿ ನೋಡಿದೆ. ಸರಿಯಾಗಿ ಹದಿಮೂರು.

ನೂರಾ ಹತ್ತು ಜನ ನೋಡಿದ್ದಾರೆ. ಎಂಟು ಸಲ ಸಿಕ್ಕಿಕೊಂಡೆ. ಏಳಿರಬಹುದು.

ಮೇ 4

ಇವತ್ತಿನದನ್ನು ಬರೆದು ಮುಗಿಸಿಬಿಡುತ್ತೇನೆ.

ಮೊನ್ನೆ ಬಹುಪದೋಕ್ತಿಯ ಪಾಠ ಹಾಕಿದ್ದೆ. ಯಾರೋ ಅದರಿಂದ ಎಂಟು ಸೆಕೆಂಡು ಕತ್ತರಿಸಿದ್ದಾರೆ. "ಬ-ಬ-ಬ-ಬ" ಎನ್ನುವ ನನ್ನ ದನಿ, ಅದರ ಹಿಂದೆ ಡೊಳ್ಳಿನ ಸದ್ದು, ಮೇಲೆ ಕುಣಿಯುವ ಕೋತಿ. ಬೆಳಿಗ್ಗೆ ಹುನಗುಂದದ ಎರಡು ವಾಟ್ಸಾಪ್ ಗುಂಪುಗಳಲ್ಲಿತ್ತು, ಸಂಜೆಗೆ ಇಳಕಲ್ಲಿನಲ್ಲೂ ಇತ್ತು. ಅಂಗಡಿಗೆ ಬಂದ ಕಾಲೇಜಿನ ಮೂವರು ಪ್ರತಿ ತೆಗೆಸಿಕೊಂಡು ಹೋಗುವವರೆಗೂ ಒಬ್ಬರ ಮುಖ ಒಬ್ಬರು ನೋಡಿ ತುಟಿ ಬಿಗಿಹಿಡಿದಿದ್ದರು. ರಸ್ತೆಗಿಳಿದ ಮೇಲೆ ನಕ್ಕರು.

ಅಪ್ಪನಿಗೆ ನಿವೃತ್ತ ಕಂಡಕ್ಟರುಗಳ ಗುಂಪಿನಲ್ಲಿ ಬಂದಿದೆ. ನಾನು ಮನೆಗೆ ಬಂದಾಗ ಅವನು ಫೋನನ್ನು ಮಗುಚಿ ಇಟ್ಟು ಕೂತಿದ್ದ.

"ಎಲ್ಲಾ ತಗದ ಹಾಕಿಬಿಡೋ," ಎಂದ. "ನಾಕ ಮಂದಿ ನಗಾಕ ನಾವ್ಯಾಕ ಅವಕಾಶ ಕೊಡಬೇಕು? ನೀ ಸಣ್ಣಾಂವ ಇದ್ದಾಗಿಂದ ಇಷ್ಟ ವರ್ಷ ನಾ ಯಾರೂ ನಗಧಂಗ ನೋಡಕೊಂಡೀನಿ."

ಅವನ ದನಿ ಒಡೆದದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಮೇ 5

ಹಾಕಲಿಲ್ಲ.

ಮೇ 6

ಹಾಕಲಿಲ್ಲ.

ಮೇ 7

ಹುನಗುಂದದಲ್ಲಿ ಇರಲಾಗಲಿಲ್ಲ. ಫಾರೂಕನಿಗೆ ಮೆಸೇಜು ಹಾಕಿ ಬಾದಾಮಿ ಬಸ್ಸು ಹತ್ತಿದೆ. ಕಂಡಕ್ಟರು "ಎಲ್ಲಿಗ್ರಿ?" ಎಂದಾಗ ಊರಿನ ಹೆಸರು ಬರಲಿಲ್ಲ. "ಲಾಸ್ಟ್ ಸ್ಟಾಪ್" ಎಂದೆ. ಬಾಗಲಕೋಟೆ, ಬಾದಾಮಿ, ಬನಶಂಕರಿ, ಬೇವೂರು. ನಮ್ಮ ಕಡೆ ಊರುಗಳಿಗೆ ಹೆಸರಿಟ್ಟವರು ನನ್ನನ್ನು ಮೊದಲೇ ನೋಡಿದ್ದರೇನೋ.

ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ನೆರಳು ಹುಡುಕಿ ಕೂತೆ. ಪಕ್ಕದಲ್ಲಿ ಬಟ್ಟೆ ಒಗೆಯುವವರು ಜೋರಾಗಿ ಮಾತಾಡುತ್ತಿದ್ದರು. ಅಲ್ಲಿ ಯಾರಿಗೂ ನಾನು ಯಾರೆಂದು ಗೊತ್ತಿಲ್ಲ, ಇದು ಒಳ್ಳೆಯದೆನ್ನಿಸಿತು. ಒಂದು ತಾಸಾದ ಮೇಲೆ ಫೋನು ತೆಗೆದು ಪ್ರಮೇಯಗಳ ಪಾಠದಲ್ಲಿ ಯಾವ ಲೆಕ್ಕ ಒಂದೇ ಹಾಳೆಯಲ್ಲಿ ಹಿಡಿಸುತ್ತದೆಂದು ನೋಡುತ್ತಿದ್ದೆ. ಏಕೆ ನೋಡುತ್ತಿದ್ದೇನೆಂದು ನನ್ನನ್ನೇ ಬೈದುಕೊಂಡು ಒಳಗಿಟ್ಟೆ.

ಮೇ 8

ಅಂಗಡಿ ಬಾಗಿಲು ತೆಗೆಯುವುದಕ್ಕೆ ಹೋದರೆ ಸುಂದರವ್ವ ಮೆಟ್ಟಿಲ ಮೇಲೆ ಕೂತಿದ್ದರು.

"ಮೂರ ದಿನಾ ಆತ್ರಿ ಸರ. ಆರಾಮಿಲ್ಲೇನು?"

ನಾನು ಫೋನು ತೆಗೆದು ಆ ಕೋತಿಯ ತುಣುಕು ತೋರಿಸಿದೆ. ಅವರು ನೋಡಲಿಲ್ಲ, ಕೈಯಿಂದ ಪಕ್ಕಕ್ಕೆ ಸರಿಸಿದರು.

"ನೋಡೇನ್ರಿ. ಖಾನಾವಳ್ಯಾಗ ಹುಡುಗೂರು ನೋಡಿ ನಗಾಕತ್ತಿದ್ರು. ಅವತ್ತ ನೀವು ಆ ಶಬ್ದ ಪೂರಾ ಅಂದಿದ್ರಿ. ಅಂದು, ಮುಂದ ಲೆಕ್ಕಾನೂ ಮುಗಿಸಿದ್ರಿ. ಅವ್ರು ಅದಕ್ಕ ಮೊದಲ ಕತ್ತರಿ ಹಾಕ್ಯಾರ. ನಾ ಪೂರಾ ಕೇಳೀನಿ."

ನಾನು ಕೀಲಿ ತಿರುಗಿಸಿ ಬಾಗಿಲು ತೆಗೆದೆ.

"ನನಗೂ ನಗತಾರ್ರಿ," ಎಂದರು. "ಮಗಾ ಒಂಬತ್ತನೇತ್ತಾ ಅದಾನ, ಅವ್ವ ಹತ್ತನೇತ್ತಾ ಪರೀಕ್ಷಾ ಕಟ್ಟತಾಳ ಅಂತ. ನಗೂದು ನಗಲಿ. ನನಗ ಇನ್ನ ಇಪ್ಪತ್ತ ದಿನಾ ಅದಾವ, ತ್ರಿಕೋನಮಿತಿ ಒಂದಕ್ಷರ ಗೊತ್ತಿಲ್ಲ. ನೀವು ಬಿಟ್ರ ನಾ ಯಾರನ್ನ ಹುಡಕಲಿ?"

"ನಾ-ನಾಳಿ ಹಾಕತೇನ್ರಿ, ಅಕ್ಕಾರ."

"ನಾಳಿ ಯಾಕ? ಒಂಬತ್ತಾಗಾಕ ಇನ್ನ ಇಪ್ಪತ್ತ ನಿಮಿಷ ಐತಿ."

ಅಂಗಡಿಯೊಳಗೇ, ಝೆರಾಕ್ಸ್ ಯಂತ್ರದ ಮೇಲೆ ಫೋನು ಆನಿಸಿ, ಸೈನು ಕೊಸೈನು ಅಂದರೇನು ಎಂದು ಒಂದು ಹಾಳೆ ಮಾಡಿದೆ. ಸುಂದರವ್ವ ಹೊರಗೆ ನಿಂತು ಬಂದ ಗಿರಾಕಿಗಳನ್ನು ತಡೆದರು. ಎಂಟು ಐವತ್ತೇಳಕ್ಕೆ ಹಾಕಿದೆ.

ಆಮೇಲೆ ಕಮೆಂಟುಗಳನ್ನು ಪರೀಕ್ಷೆ ಮುಗಿಯುವವರೆಗೆ ಮುಚ್ಚಿದೆ. ಊರಿನ ಗುಂಪುಗಳಿಂದ ಹೊರಬಂದೆ. ಎಷ್ಟು ಜನ ನೋಡಿದರೆಂದು ನೋಡುವುದೂ ಬೇಡ. ಯಾರಿಗಾದರೂ ಸಂಶಯವಿದ್ದರೆ ಅಂಗಡಿಗೆ ಬರಲಿ ಎಂದು ಚಾನೆಲ್ಲಿನಲ್ಲಿ ವಿಳಾಸ, ಫೋನ್ ನಂಬರು ಬರೆದೆ.

ಮೇ 9

ಬೆಳಿಗ್ಗೆ ಡಬ್ಬಿಗಳನ್ನು ಜೋಡಿಸುತ್ತಿದ್ದಾಗ ಅಪ್ಪ ಬಾಗಿಲಲ್ಲಿ ನಿಂತ. ನಿಲ್ಲಿಸೆಂದು ಹೇಳಲು ಬಂದನೆಂದುಕೊಂಡೆ.

"ಡಬ್ಬಿ ಅಳ್ಳಾಡತಾವ. ನಾ ಹಿಡಕೊಂಡ ನಿಂದರಲೇನು?" ಎಂದ.

"ಹಿಡಿ. ಆದ್ರ ಮಾ-ಮಾತಾಡುವಂಗಿಲ್ಲ. ನಾ ಎಲ್ಲೇ ನಿಂತ್ರೂ."

"ಆತು."

ಫೋನು ಹಿಡಿದು ಬಗ್ಗಿ ನಿಂತ. ಎರಡನೇ ನಿಮಿಷದಲ್ಲಿ "ಪಾದ" ಎನ್ನಲು ಹೋಗಿ ಸಿಕ್ಕಿಕೊಂಡೆ. ಅಪ್ಪನ ತುಟಿ ಅಲುಗಿತು. ಇನ್ನೇನು ಹೇಳಿಬಿಡುತ್ತಾನೆ ಎನ್ನುವಾಗ ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ನಾನು "ಪಾದ" ಎಂದೆ. ಗೋಪುರದ ಎತ್ತರ ಹನ್ನೆರಡು ಮೀಟರ್ ಬಂತು. ಮುಗಿದಾಗ ಅವನ ಹಣೆ ಬೆವೆತಿತ್ತು.

"ಆರ ನಿಮಿಷ ಅಂದ್ರ ಭಾಳ ಉದ್ದ ಇರತಾವಪಾ," ಎಂದ. ಫೋನು ನನ್ನ ಕೈಗೆ ಕೊಡುತ್ತ, "ಇಷ್ಟ ವರ್ಷ ನಿನಗ ಆರ ಸೆಕೆಂಡೂ ಬಿಟ್ಟಿಲ್ಲ ನಾ" ಎಂದ.

ಚಹಾ ಮಾಡಿದೆ. ಇಬ್ಬರೂ ಕುಡಿದೆವು.

ಮೇ 13

ದಿನಗಳು ಕಡಿಮೆ, ಪಾಠಗಳು ಹೆಚ್ಚು. ಮೊನ್ನೆಯಿಂದ ದಿನಕ್ಕೆ ಮೂರು ಮಾಡುತ್ತಿದ್ದೇನೆ. ನಾಲ್ಕಕ್ಕೆ ಏಳುತ್ತೇನೆ. ಇವತ್ತು ಮೂರನೆಯದರಲ್ಲಿ ವೃತ್ತದ ಸ್ಪರ್ಶಕದ ಪ್ರಮೇಯವನ್ನು ಒಂದೇ ಹಾಳೆಗೆ ತುರುಕಿ ನನಗೇ ಓದಲು ಬಾರದಂತೆ ಬರೆದೆ.

ಸುಂದರವ್ವ ಮಧ್ಯಾಹ್ನ ಬಂದು ಜಗಳವಾಡಿದರು. "ಮೂರ ಹಾಕಿದ್ರ ನಾ ಯಾವದ ನೋಡಲ್ರಿ? ಎರಡನೇದು ಉಳೀತಂದ್ರ ಮೂರನೇದನ್ನ ಮುಟ್ಟಾಕ ಮನಸ ಆಗೂದಿಲ್ಲ. ನಿನ್ನಿ ಮೂರೂ ಬಿಟ್ಟೇನಿ. ಒಂದ ಇದ್ರ ಹೆಂಗಾರ ಮಾಡಿ ಮುಗಸತಿದ್ದೆ."

ಫಾರೂಕ ಒಳಗಿನಿಂದ, "ಹೇಳ್ರಿ ಅಕ್ಕಾ, ಇಂವಾ ಒಂದೂ ಹಾಕಂಗಿಲ್ಲ, ಇಲ್ಲಾ ಅಂದ್ರ ಎಲ್ಲಾ ಒಮ್ಮೆ ಹಾಕತಾನ" ಎಂದು ಸೇರಿಸಿದ.

ಮತ್ತೆ ಒಂದಕ್ಕೆ ಇಳಿದೆ. ಯಾವುದನ್ನು ಬಿಡಬೇಕೆಂದು ನಾನೂ ಸುಂದರವ್ವನೂ ಕೂತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರಡಿ ನೋಡಿದೆವು. ಎಲ್ಲ ಕಲಿಸುವ ಆಸೆ ಬಿಟ್ಟ ಕೂಡಲೇ ಮೈ ಹಗುರಾಯಿತು. ಆಮೇಲೆ ಒಂದು ತಾಸು ಮಲಗಿದೆ ಕೂಡ.

ಮೇ 19

ನಕ್ಷೆ. ಎರಡು ಸರಳರೇಖೆಗಳು ಎಲ್ಲಿ ಸೇರುತ್ತವೆಯೋ ಅದೇ ಉತ್ತರ. ನಾಲ್ಕು ಅಂಕದ್ದು, ಬರೆದವರಿಗೆಲ್ಲ ಸಿಗುವಂಥದ್ದು. ಹಾಳೆಯನ್ನೇ ಅಡ್ಡ ಮಡಚಿ, ಉದ್ದ ಮಡಚಿ, ಮಡಿಕೆಗಳನ್ನೇ ಅಕ್ಷಗಳನ್ನಾಗಿ ಮಾಡಿದೆ. ಇದು ನನಗೇ ಖುಷಿ ಕೊಟ್ಟಿತು.

ಇಳಕಲ್ಲಿನಿಂದ ಇಬ್ಬರು ಹುಡುಗಿಯರು ಅಂಗಡಿಗೆ ಬಂದು ಸಂಶಯ ಕೇಳಿ ಹೋದರು. ಹುಡುಗಿಯರ ಜೊತೆ ಬಂದ ತಂದೆ ಬಾಗಲಕೋಟೆಗೆ ಹೊರಟಿದ್ದರಂತೆ, ದಾರಿಯಲ್ಲಿ ಇಳಿಸಿ ಕಾದರು. ಮೂವತ್ತು ನಿಮಿಷ ಮಾತಾಡಿದ್ದೇನೆ. ಫಾರೂಕ ನಾಲ್ಕು ಗಿರಾಕಿಗಳನ್ನು ಒಬ್ಬನೇ ನೋಡಿಕೊಂಡ, ಗೊಣಗಲಿಲ್ಲ.

ಮೇ 26

ಕೊನೆಯ ಹಾಳೆ. ಪರೀಕ್ಷೆಯ ಕೊಠಡಿಯಲ್ಲಿ ಮೊದಲ ಹದಿನೈದು ನಿಮಿಷ ಏನು ಮಾಡಬೇಕು ಎಂಬುದಷ್ಟೇ. ಪ್ರಶ್ನೆಪತ್ರಿಕೆ ಪೂರ್ತಿ ಓದಿ, ಬರುವುದಕ್ಕೆ ಗುರುತು ಹಾಕಿ, ಬಾರದ್ದನ್ನು ಆಮೇಲೆ ನೋಡಿ. ಮುಗಿಸುವಾಗ ಹೇಳಲು ಇನ್ನೇನೋ ಇತ್ತು, ಹಾಳೆಯಲ್ಲಿ ಜಾಗವಿರಲಿಲ್ಲ.

ಮೇ 28

ಪರೀಕ್ಷಾ ಕೇಂದ್ರದ ಹೊರಗೆ ಬೇವಿನ ಗಿಡದ ಕೆಳಗೆ ನಾನು, ಸುಂದರವ್ವನ ಮಗ, ಅವನ ಸೈಕಲ್ಲು. ಅವನು ಮೂರು ತಾಸಿನಲ್ಲಿ ನನ್ನೊಡನೆ ಎರಡೇ ಮಾತಾಡಿದ. "ಅವ್ವ ಪಾಸಾಗತಾಳೇನ್ರಿ?" ಅದು ಒಂದು. ಒಂದು ತಾಸು ಬಿಟ್ಟು, "ಆ ಕೋತಿ ವಿಡಿಯೋ ನೋಡಿ ನಾನೂ ನಕ್ಕಿದ್ದೆ" ಎಂದ. ಅದು ಇನ್ನೊಂದು.

ಸುಂದರವ್ವ ಎಲ್ಲರಿಗಿಂತ ಕೊನೆಗೆ ಹೊರಬಂದರು. "ಹೊತ್ತ ಸಾಲಲಿಲ್ಲರಿ," ಎಂದರು. ಪ್ರಶ್ನೆಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು. "ಇದಕ್ಕೂ ಮೊದಲ ಅರ್ಧಾ ತಾಸಿನ್ಯಾಗ ಎದ್ದು ಬರತಿದ್ದೆ. ಹೊತ್ತ ಸಾಲಲಿಲ್ಲ ಅನ್ನೂವಷ್ಟು ಇವತ್ತ ಮೊದಲ ಸಲ ಬರದೇನಿ."

ಜೂನ್ 13

ಫಲಿತಾಂಶ ಹನ್ನೊಂದೂವರೆಗೆ ಎಂದಿದ್ದರು. ಅಂಗಡಿ ತುಂಬ ಜನ. ಜಾಲತಾಣ ತೆರೆಯುತ್ತಿಲ್ಲ, ಚಕ್ರ ತಿರುಗುತ್ತಲೇ ಇದೆ. ಸುಂದರವ್ವ ಹನ್ನೆರಡಕ್ಕೆ ಬಂದು ಗೋಡೆಗೆ ಒರಗಿ ನಿಂತರು. ಫಾರೂಕ ಅವರ ನೋಂದಣಿ ಸಂಖ್ಯೆಯನ್ನು ಐದು ಸಲ ಹೊಡೆದ. ಆರನೆಯ ಸಲ ತೆರೆಯಿತು.

ಅವನು ಓದಲಿಲ್ಲ. ಕುರ್ಚಿ ಹಿಂದೆ ಸರಿಸಿ ನನ್ನ ಕಡೆ ನೋಡಿ, "ನೀನ ಹೇಳು ಮಾಸ್ತರ" ಎಂದ.

"ನಲವತ್ತೇಳು," ಎಂದೆ. "ಪಾ-ಪಾಸ್."

"ಇನ್ನೊಮ್ಮಿ ನೋಡ್ರಿ."

ನೋಡಿ ಹೇಳಿದೆ. ಮೂರನೇ ಸಲವೂ ಹೇಳಿಸಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು, ಹಿಟ್ಟು ಕಣ್ಣಿಗೂ ಮೂಗಿಗೂ ಹತ್ತಿತು. ಅಂಗಡಿಯಲ್ಲಿದ್ದ ಗುರುತಿಲ್ಲದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು, ಉಳಿದವರೂ ತಟ್ಟಿದರು. ಫಾರೂಕ ಎರಡು ಪ್ರಿಂಟು ಕೊಟ್ಟ, ಬಣ್ಣದ್ದು.

"ಮಂದಿ ಊಟಕ್ಕ ಕುಂತಾರ, ರೊಟ್ಟಿ ಕಡಿಮಿ ಬೀಳತಾವ," ಎಂದು ಸುಂದರವ್ವ ರಸ್ತೆ ದಾಟಿ ಓಡಿದರು. ನಾನು ಸ್ಟೂಲಿನ ಮೇಲೆ ಕೂತು ಮುಂದಿನವರ ಸಂಖ್ಯೆ ಹೊಡೆದೆ.

ಜೂನ್ 17

ಬೆಳಿಗ್ಗೆ ಇಳಕಲ್ಲಿನ ಇನ್ನೊಂದು ಪ್ರೌಢಶಾಲೆಯಿಂದ ಫೋನು ಬಂತು. ಮುಖ್ಯೋಪಾಧ್ಯಾಯಿನಿ ಶೀಲಾ ಮೇಡಂ ಮಾತಾಡಿದರು. ಅವರ ಶಾಲೆಯಲ್ಲಿ ಗಣಿತ ಹೋಗಿದ್ದ ಏಳು ಮಕ್ಕಳು ನನ್ನ ಹಾಳೆಗಳನ್ನು ನೋಡಿ ಬರೆದಿದ್ದರಂತೆ, ಐವರು ಪಾಸು. ಅತಿಥಿ ಶಿಕ್ಷಕರ ಜಾಗ ಖಾಲಿ ಇದೆ, ಬರುತ್ತೀರಾ ಎಂದು ಕೇಳಿದರು. ಬೆಳಗಿನ ಅವಧಿಗಳನ್ನೇ ಕೊಡಿ, ಮಧ್ಯಾಹ್ನ ಮೂರಕ್ಕೆ ಹುನಗುಂದದಲ್ಲಿ ಬೇರೆ ಕೆಲಸವಿದೆ ಎಂದೆ. ವೇಳಾಪಟ್ಟಿ, ಎಂಟನೆಯವರಿಗೆ ಯಾರು ಕಲಿಸುತ್ತಾರೆ, ಕಪ್ಪುಹಲಗೆ ಹೇಗಿದೆ, ಎಲ್ಲ ಕೇಳಿಕೊಂಡೆ. ಸೋಮವಾರ ಹೋಗಬೇಕು.

ಅಪ್ಪ ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ. ಯಾರದೆಂದು ಕೇಳಿದ, ಹೇಳಿದೆ. ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ. ಧಗೆ ಇನ್ನೂ ಇಳಿದಿಲ್ಲ.

ಜೂನ್ 19

ಮೂರಕ್ಕೆ ಖಾನಾವಳಿಯ ಊಟ ಮುಗಿಯುತ್ತದೆ, ಐದಕ್ಕೆ ಸಂಜೆಯ ಅಡುಗೆ ಶುರುವಾಗುತ್ತದೆ. ಆ ನಡುವೆ ಹಿಂದಿನ ಕೋಣೆಯಲ್ಲಿ ಕಲಿಸಬೇಕೆಂದು ಸುಂದರವ್ವ ಗೊತ್ತುಮಾಡಿದ್ದರು. ಇವತ್ತು ಮೊದಲ ದಿನ. ಐದು ಹೆಂಗಸರು. ಇಬ್ಬರು ಅಲ್ಲೇ ಕೆಲಸ ಮಾಡುವವರು, ಇಬ್ಬರು ಸುಂದರವ್ವನ ಓಣಿಯವರು, ಮತ್ತೆ ಮರೋಳದಿಂದ ಬಸ್ಸಿಗೆ ಬಂದ ಸಿದ್ದಲಿಂಗವ್ವ. ಅವರಿಗೆ ಐವತ್ತರ ಹತ್ತಿರ. ಪಾಸಾಗಿ ಏನು ಮಾಡುತ್ತೀರೆಂದು ಕೇಳಿದೆ. "ಏನೂ ಮಾಡೂದಿಲ್ಲ. ಪಾಸ್ ಆಗಬೇಕಾಗಿತ್ತು, ಆಗಿದ್ದಿಲ್ಲ" ಎಂದರು.

ಋಣ ಸಂಖ್ಯೆಗಳಿಂದ ಶುರುಮಾಡಿದೆ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಎಂದು ಹೇಳಿ ಮುಂದೆ ಹೋಗುವಷ್ಟರಲ್ಲಿ ಸಿದ್ದಲಿಂಗವ್ವ ಕೈ ಎತ್ತಿದರು. "ಯಾಕ್ರಿ?"

"ನಿಯಮ ಐತ್ರಿ ಅದು."

"ಯಾರ ಮಾಡಿದ್ದು?"

ಎಮ್ಮೆಸ್ಸಿ ಮುಗಿಸಿದರೂ ಈ ಪ್ರಶ್ನೆಗೆ ನಿಂತುಬಿಟ್ಟೆ. ತಲೆ ಕೆರೆದುಕೊಂಡು ಕೊನೆಗೆ ಅವರನ್ನೇ ಎಬ್ಬಿಸಿ, ಒಲೆಯಿಂದ ಬಾಗಿಲವರೆಗೆ ಹಿಂದುಹಿಂದಕ್ಕೆ ನಡೆಯಲು ಹೇಳಿ ಫೋನಿನಲ್ಲಿ ಹಿಡಿದೆ. ನಡುವೆ ನೀರಿನ ಕೊಡಕ್ಕೆ ಬಡಿದುಕೊಂಡರು. ಆ ವಿಡಿಯೋವನ್ನು ಹಿಂದುಮುಂದಾಗಿ ಓಡಿಸಿ ತೋರಿಸಿದೆ. ಚೆಲ್ಲಿದ ನೀರು ಕೊಡದೊಳಗೆ ಹೋಯಿತು, ಸಿದ್ದಲಿಂಗವ್ವ ಒಲೆಯ ಕಡೆ ನೆಟ್ಟಗೆ ನಡೆದು ಬಂದರು. ಹಿಂದಕ್ಕೆ ನಡೆದದ್ದು ಒಂದು ಮೈನಸ್, ಹಿಂದಕ್ಕೆ ಓಡಿಸಿದ್ದು ಇನ್ನೊಂದು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರೂ ನಡೆಯಬೇಕೆಂದರು, ಎಲ್ಲರನ್ನೂ ಹಿಡಿಯಬೇಕಾಯಿತು. ಸುಂದರವ್ವ ಮೂರು ಮೈನಸ್ ಆದರೆ ಏನು ಎಂದು ಕೇಳಿ ವಾದ ಬೆಳೆಸಿದರು. ಐದಾಯಿತು. ಮಾಲೀಕರು ಬದನೆಕಾಯಿ ಬುಟ್ಟಿ ತಂದು ನಡುವೆ ಇಟ್ಟು ಹೋದರು. ಪಾಠ ಅರ್ಧಕ್ಕೆ ನಿಂತಿತ್ತು. ನಾನೂ ಒಂದು ಈಳಿಗೆ ಎಳೆದುಕೊಂಡು, ಹೆಚ್ಚುತ್ತಲೇ ಉಳಿದದ್ದನ್ನು ಹೇಳಿ ಮುಗಿಸಿದೆ.

ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ. ಅಪ್ಪ ಒಳಗೆ ಅರಿಷಿಣ ಹಾಕಿ ಹಾಲು ಕಾಸುತ್ತಿದ್ದಾನೆ.